ಬಾಯೇ ಎಂದರೆ ಬಲಗಡೆ

ದಿಲ್ಲಿಯ ದ್ವಾರಕಾದ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮನೋರಮಾಳ ಹಿಂದಿ ಕೇಳಿ ನಗದವರಿಲ್ಲ. ಮದುವೆಯಾಗಿ ಹಾಸನದಿಂದ ಬಂದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇಳಿದಾಗ ಅವಳಿಗೆ ಆ ಭಾಷೆಯ ಗಂಧವೂ ಇರಲಿಲ್ಲ. ತರಕಾರಿ ಭಯ್ಯಾ, ಹಾಲಿನ ಭಯ್ಯಾ, ಪಕ್ಕದ ಮನೆಯ ಆಂಟಿ ಎಲ್ಲ ಸೇರಿ ಹೇಗೋ ದಡ ಹತ್ತಿಸಿದರು. ಸ್ತ್ರೀಲಿಂಗ ಪುಲ್ಲಿಂಗಗಳ ಗೊಡವೆಗೆ ಅವಳು ಹೋಗಲೇ ಇಲ್ಲ. ದಾಯೇ, ಬಾಯೇ ಎಂಬ ಬಲ ಎಡಗಳಿಗೆ ಮಾತ್ರ ತಾನೇ ಒಂದು ಗುರುತು ಮಾಡಿಕೊಂಡಳು: ಬಾಯೇ ಎಂದರೆ ಬಾಯಿಗೆ ತುತ್ತಿಡುವ ಕೈ, ಅಂದರೆ ಬಲಗೈ. ಗುರುತೇನೋ ಗಟ್ಟಿಯಾಗಿತ್ತು. ಹಿಂದಿಯವರಿಗೆ ಬಾಯೇ ಎಂದರೆ ಎಡ ಎನ್ನುವುದೊಂದೇ ತೊಡಕು.

ಅದು ತಪ್ಪೆಂದು ತಿಳಿಯುವ ಹೊತ್ತಿಗೆ ಬೇರು ಬಿಟ್ಟಾಗಿತ್ತು. ಬಿಡುವಿದ್ದಾಗ ಯೋಚಿಸಿ ತಿದ್ದಿಕೊಳ್ಳುತ್ತಿದ್ದಳು. ಅವಸರ ಬಿದ್ದರೆ ಮೊದಲು ಕಲಿತದ್ದೇ ಹೊರಬೀಳುತ್ತಿತ್ತು. ಆಟೋದಲ್ಲಿ ಅವಳು "ಬಾಯೇ, ಬಾಯೇ" ಎಂದು ಕೂಗಿದರೆ, ಪಕ್ಕದಲ್ಲಿ ಕೂತ ಗಂಡ ನಾರಾಯಣಸ್ವಾಮಿ, "ದಾಯೇ ಲೋ ಭಯ್ಯಾ. ಮೇಡಂ ಕಾ ಬಾಯೇ ದಾಯೇ ಹೋತಾ ಹೈ," ಎಂದು ತಣ್ಣಗೆ ತಿದ್ದುತ್ತಿದ್ದರು. ಮಗಳು ಲಾವಣ್ಯಾ, ಮಗ ಅನೂಪ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೋರಮಾಳಿಗೂ ನಗು ಬರುತ್ತಿತ್ತು.

ಆ ತಿದ್ದುವ ದನಿ ಹೋದ ವರ್ಷ ನಿಂತಿತು. ಕೇಂದ್ರ ಸಚಿವಾಲಯದ ನೌಕರಿಯಿಂದ ನಿವೃತ್ತರಾಗಿ ಇನ್ನೂ ಬಹಳ ದಿನವಾಗಿರಲಿಲ್ಲ, ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗಲೇ ನಾರಾಯಣಸ್ವಾಮಿಯವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ನಡಿಗೆಯೂ ಬಂತು. ಆದರೆ ಬಲಗೈಗೆ ಶಕ್ತಿಯಿಲ್ಲ, ಬಾಯಿಯ ಬಲತುದಿ ಕೆಳಕ್ಕೆ ಜಾರಿದೆ, ಅಲ್ಲಿಂದ ಜೊಲ್ಲು ಇಳಿದರೆ ಅವರಿಗೆ ತಿಳಿಯುವುದಿಲ್ಲ. ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು ಆಫೀಸಿಗೆ ಹೋಗುತ್ತಿದ್ದ ಮನುಷ್ಯ, ಈಗ ಕರೆಗಂಟೆ ಬಾರಿಸಿದರೆ ಎದ್ದು ಕೋಣೆಗೆ ಹೋಗಿಬಿಡುತ್ತಾರೆ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗ ಬಲಗಡೆ ಕೂತು ಬಾಯಿ ಒರೆಸಲು ಮನೋರಮಾಳೇ ಬೇಕು. ಮಕ್ಕಳು ಆ ಕಡೆ ಕೂತರೆ ಊಟ ಬಿಡುತ್ತಾರೆ.

ಇಂಥ ಮನೆಗೆ ಮಗಳ ಮದುವೆ ಬಂತು. ಹುಡುಗ ಶ್ರೀವತ್ಸ, ನೋಯ್ಡಾದಲ್ಲಿ ನೆಲೆಸಿದ ಕನ್ನಡದವರ ಮಗ, ಲಾವಣ್ಯಾಳ ಜೊತೆ ಗುರುಗ್ರಾಮದಲ್ಲಿ ಕೆಲಸ ಮಾಡುವವನು. ಎಲ್ಲ ಸುಸೂತ್ರವಾಗಿಯೇ ಸಾಗುತ್ತಿತ್ತು. ಒಂದು ಭಾನುವಾರ ದೋಸೆ ತಿನ್ನುತ್ತ ಲಾವಣ್ಯಾ ಫೋಟೋದ ಮಾತೆತ್ತಿದಳು.

"ಅಮ್ಮಾ, ಫೋಟೋಗ್ರಾಫರ್ ಫೈನಲ್ ಆದ. ಗುಲಾಟಿ ಅಂತ. ಓನ್ಲಿ ಕ್ಯಾಂಡಿಡ್."

"ಹಾಗಂದ್ರೆ?"

"ಹಮೇ ಪತಾ ಹೀ ನಹೀ ಚಲೇಗಾ," ಎಂದ ಅನೂಪ್. "ನಮಗೆ ಗೊತ್ತಿಲ್ದೆ ತೆಗೀತಾನೆ."

"ಅದಕ್ಕೆ ನಮ್ಮ ಕಡೆ ಕದ್ದು ನೋಡೋದು ಅಂತಾರೆ. ಅದಕ್ಕೂ ದುಡ್ಡು ಕೊಡ್ತಾರಾ?"

"ಸ್ಟೇಜ್ ಮೇಲೆ ಲೈನಾಗಿ ನಿಂತು ಹಲ್ಲು ಕಿರಿಯೋದು ಯಾರಿಗೆ ಬೇಕಮ್ಮಾ ಈಗ?"

ಮನೋರಮಾ ಕಾವಲಿಗೆ ನೀರು ಚಿಮುಕಿಸಿದಳು. ಸರೋಜಿನಿ ನಗರದ ಸ್ಟುಡಿಯೋದ ಸರದಾರ್ಜಿಗೆ ಅವಳು ಆಗಲೇ ಫೋನ್ ಮಾಡಿ ದಿನ ಹೇಳಿದ್ದಳು. ಅನೂಪನ ಮುಂಜಿಯ ಫೋಟೋ ತೆಗೆದವರು ಅವರೇ. ಕೂರಿಸಿ, ಗದ್ದ ಹಿಡಿದು ತಿರುಗಿಸಿ, ಸೆರಗು ಸರಿಮಾಡಿಸಿ, ಆಮೇಲೆ ಕ್ಯಾಮೆರಾ ಮುಟ್ಟುವ ಕ್ರಮದವರು.

"ಸರದಾರ್ಜಿ ಆದ್ರೆ ನಿಮ್ಮಪ್ಪನ್ನ ಒಂಚೂರು ತಿರುಗಿಸಿ ಕೂರಿಸ್ತಾರೆ," ಎಂದು ದನಿ ತಗ್ಗಿಸಿದಳು. "ತಲೆಗೆ ಪೇಟ ಇರುತ್ತೆ, ಎಡಗಡೆ ಮುಖ ಬರುತ್ತೆ. ನೋಡಿದೋರಿಗೆ ಏನೂ ಗೊತ್ತಾಗಲ್ಲ."

"ಪೋಸ್ ಕೊಡಿ ಅಂದ್ರೆ ಅಪ್ಪ ಕಲ್ಲಾಗ್ಬಿಡ್ತಾರೆ. ಮರೆತು ಕೂತಿರ್ತಾರಲ್ಲ, ಆಗ ಹಳೇ ಅಪ್ಪನ ಥರಾನೇ ಇರ್ತಾರೆ. ನಂಗೆ ಅದು ಬೇಕು. ಸರದಾರ್ಜಿ ಅದನ್ನ ತೆಗೀತಾರಾ?"

"ಮರೆತು ಕೂತಾಗ್ಲೇ ಕಣೇ ಜೊಲ್ಲು ಸುರಿಯೋದು."

ಮಾತು ಆಡಿದ ಮೇಲೆ ಮನೋರಮಾ ತಿರುಗಿ ನೋಡಿದಳು. ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಾರಾಯಣಸ್ವಾಮಿಯವರ ತೊದಲು ಮಾತು ನಿಧಾನವಾಗಿ ಬಂತು. "ನನ್ನ ಫೋಟೋನೇ ಬೇಡ. ಧಾರೆ... ಇಂದುಶೇಖರ ಎರೀಲಿ."

ಇಂದುಶೇಖರ ಮನೋರಮಾಳ ತಮ್ಮ, ಲಕ್ಷ್ಮೀ ನಗರದಲ್ಲಿರುವವನು. ಅಪ್ಪ ಕಣ್ಣೆದುರಿಗಿರುವಾಗ ಸೋದರಮಾವ ಧಾರೆ ಎರೆಯುವುದೆಂದರೆ ಲಾವಣ್ಯಾಳಿಗೆ ತಡೆಯಲಾಗಲಿಲ್ಲ. "ಹಾಗಿದ್ರೆ ಮದ್ವೇನೇ ಬೇಡ," ಎಂದು ತಟ್ಟೆ ಬಿಟ್ಟು ಎದ್ದಳು. ಅರ್ಧ ತಿಂದ ದೋಸೆ ಒಣಗಿ ಮುರುಟಿಕೊಂಡಿತು. ಆ ವಾರವೆಲ್ಲ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಬಿಟ್ಟು ಬೇರೆ ಮಾತಿರಲಿಲ್ಲ.

ಗಂಟು ಬಿಡಿಸಿದವಳು ಮನೋರಮಾ. ಮಗಳು ಕ್ಯಾಂಡಿಡ್ ಬಿಡುವುದಿಲ್ಲ, ಗಂಡ ಕೋಣೆ ಬಿಡುವುದಿಲ್ಲ. ಬಾಲ್ಕನಿಯ ಬಿಸಿಲಲ್ಲಿ ಗಂಡನ ಉಗುರು ಕತ್ತರಿಸುತ್ತ ಅವಳು ಹೇಳಿದಳು:

"ರೀ, ಆ ಹುಡುಗನಿಗೆ ನಾನೇ ಖುದ್ದಾಗಿ ಹೇಳ್ತೀನಿ. ಒಂದೇ ಒಂದು ಫೋಟೋದಲ್ಲೂ ಆ ಕಡೆ ಬರಲ್ಲ. ನಿಮ್ಮ ಎಡಗಡೆ ಮಾತ್ರ."

"ಕೇಳ್ತಾನಾ?"

"ಕೇಳದೆ ಏನು, ದುಡ್ಡು ಕೊಡೋರು ನಾವಲ್ವಾ. ನನ್ನ ಮೇಲೆ ಬಿಡಿ."

ಅವರು ಎದುರಿನ ಬ್ಲಾಕಿನ ಒಣಹಾಕಿದ ಬಟ್ಟೆಗಳ ಕಡೆ ಕಣ್ಣಿಟ್ಟೇ, "ನಿನ್ನ ಮೇಲೆ ಬಿಟ್ಟೆ," ಎಂದರು.

ಮಾರನೆಯ ದಿನದಿಂದ ಬಚ್ಚಲಲ್ಲಿ ಬಹಳ ಹೊತ್ತು ನೀರಿನ ಸದ್ದು ಕೇಳತೊಡಗಿತು. ಮನೋರಮಾ ಒಮ್ಮೆ ಇಣುಕಿ ನೋಡಿದಳು. ನಾರಾಯಣಸ್ವಾಮಿ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಚೊಂಬಿನಿಂದ ನೀರು ಧಾರೆಯಾಗಿ ಬೀಳುವಂತೆ ಬಗ್ಗಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ಚೊಂಬು ಜಾರಿತು, ಮತ್ತೆ ತುಂಬಿಸಿದರು. ಅವಳು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಸಾರಿಗೆ ಒಗ್ಗರಣೆ ಹಾಕಿದಳು. ಸರದಾರ್ಜಿಗೆ ಫೋನ್ ಮಾಡಿ, ಬರುವುದು ಬೇಡವೆಂದಳು.

ಮದುವೆಯ ಬೆಳಿಗ್ಗೆ ಬ್ಯಾಂಕ್ವೆಟ್ ಹಾಲಿನಲ್ಲಿ ಹೊಗೆಮಂಜು ಒಳಗೂ ನುಗ್ಗಿತ್ತು. ದಿಲ್ಲಿಯವರ ಮದುವೆಗಳೆಲ್ಲ ರಾತ್ರಿಯವು. ಇಷ್ಟು ಬೆಳಿಗ್ಗೆ ಮುಹೂರ್ತವಿಟ್ಟ ಮದ್ರಾಸಿಗಳನ್ನು ಶಪಿಸುತ್ತಲೇ ಗುಲಾಟಿ ಬಂದಿದ್ದಿರಬೇಕು, ಕಣ್ಣಲ್ಲಿ ನಿದ್ದೆ ಇತ್ತು. ಹುಡುಗ ಮಾತ್ರ ಮರ್ಯಾದಸ್ಥ, ಮನೋರಮಾಳ ಕಾಲು ಮುಟ್ಟಿ ನಮಸ್ಕರಿಸಿದ. ಅವಳು ಅವನನ್ನು ಕಂಬದ ಪಕ್ಕಕ್ಕೆ ಕರೆದಳು. ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಬೀಗರಿಗೆ ಕೊಡುವ ತೆಂಗಿನಕಾಯಿಯ ಚೀಲ. ಒಳಗಿನಿಂದ ಪುರೋಹಿತರು, "ಅಮ್ಮಾ, ಕಳಶ ಎಲ್ಲಿ?" ಎಂದು ಕೂಗುತ್ತಿದ್ದರು.

"ಭಯ್ಯಾ, ಸುನೋ. ಸಾಹಬ್ ಕಾ ಫೋಟೋ ಬಾಯೇ ತರಫ್ ಸೇ ಬಿಲ್ಕುಲ್ ನಹೀ ಲೇನಾ. ಏಕ್ ಭೀ ನಹೀ."

"ಬಾಯೇ ಸೇ ನಹೀ?"

"ಬಾಯೇ ಸೇ ನಹೀ."

"ಪಕ್ಕಾ ಆಂಟೀಜೀ. ಆಪ್ ಟೆನ್ಷನ್ ಮತ್ ಲೋ."

ತಿದ್ದುವವರು, ನಗುವವರು ಯಾರೂ ಪಕ್ಕದಲ್ಲಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ ನಿರಾಳದಲ್ಲಿ ಅವಳು ಕಳಶ ಹುಡುಕಲು ಹೋದಳು.

ಧಾರೆ ಚೆನ್ನಾಗಿಯೇ ಆಯಿತು. ರೇಷ್ಮೆ ಪಂಚೆ, ಮೈಸೂರು ಪೇಟದಲ್ಲಿ ನಾರಾಯಣಸ್ವಾಮಿ ಮಂಟಪದಲ್ಲಿ ಕೂತರು. ಮನೋರಮಾ ಕೊಟ್ಟ ಚೊಂಬಿನಿಂದ ನೀರು ಬಿಡುವಾಗ ಅವರ ಬಲಗೈ ನಡುಗಿತು, ಎಡಗೈ ಅದನ್ನು ಹಿಡಿದು ನಿಲ್ಲಿಸಿತು. ಒಂದು ಹನಿಯೂ ಆಚೆ ಬೀಳಲಿಲ್ಲ. ಗುಲಾಟಿ ಎಲ್ಲೋ ದೂರದಲ್ಲಿ, ಉದ್ದ ಲೆನ್ಸು ಹಿಡಿದು, ಹೂವಿನ ಸಂದಿಯಲ್ಲಿ ಮಂಡಿಯೂರಿದ್ದ. ಅವನಿರುವುದೇ ಗೊತ್ತಾಗುತ್ತಿರಲಿಲ್ಲ. ಬಂದವರ ನಡುವೆ ನಾರಾಯಣಸ್ವಾಮಿ ಊಟದ ತನಕ ಕೂತರು, ಹಳೆಯ ಸಹೋದ್ಯೋಗಿಗಳೊಂದಿಗೆ ನಾಲ್ಕು ಮಾತಾಡಿದರು. ಮನೆಗೆ ಬಂದು ಪೇಟ ಬಿಚ್ಚುವಾಗ, "ಮರ್ಯಾದೆಯಿಂದ ಆಯ್ತು," ಎಂದರು.

ಆಮೇಲಿನ ವಾರಗಳು ಆ ಮನೆಯ ಒಳ್ಳೆಯ ವಾರಗಳು. ಮಗಳು ಗುರುಗ್ರಾಮಕ್ಕೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದ್ದರೂ ನಾರಾಯಣಸ್ವಾಮಿ ಸಂಜೆ ಪಾರ್ಕಿಗೆ ಹೋಗತೊಡಗಿದರು. ಫಿಸಿಯೋಥೆರಪಿಗೆ ಬರುವ ಹುಡುಗಿ, "ಅಂಕಲ್ ಈಗ ನನ್ನ ಜೊತೆ ಜಗಳ ಆಡ್ತಾರೆ, ಗುಡ್ ಸೈನ್," ಎಂದಳು. ಕರೆಗಂಟೆಯಾದರೆ ಒಮ್ಮೊಮ್ಮೆ ಅವರೇ ಬಾಗಿಲು ತೆರೆಯುತ್ತಿದ್ದರು. ಊಟಕ್ಕೆ ಕೂತಾಗ ಒಂದೇ ಪ್ರಶ್ನೆ: "ಫೋಟೋ ಬಂತಾ?"

"ಕ್ಯಾಂಡಿಡ್‌ನೋರು ನಿಧಾನವಂತೆ ರೀ. ಆರಿಸ್ತಾರಂತೆ, ಬಣ್ಣ ತಿದ್ದುತಾರಂತೆ."

"ಧಾರೆದು ಒಂದು ದೊಡ್ಡದು ಮಾಡ್ಸು. ಹಾಲಲ್ಲಿ ಹಾಕೋಣ."

ಸ್ಟ್ರೋಕ್ ಆದಾಗಿನಿಂದ ಅವರು ಬಾಯಿಬಿಟ್ಟು ಕೇಳಿದ ವಸ್ತು ಅದೊಂದೇ. ಮನೋರಮಾ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರ್ ತೆಗೆದು ಮೊಳೆ ಖಾಲಿ ಮಾಡಿಟ್ಟಳು.

ಫೋಟೋ ಬಂದದ್ದು ಸಂಕ್ರಾಂತಿಯ ದಿನ. ಲಾವಣ್ಯಾ, ಶ್ರೀವತ್ಸ ಹಬ್ಬಕ್ಕೆ ಬಂದಿದ್ದರು, ಇಂದುಶೇಖರನೂ ಹೆಂಡತಿಯೊಡನೆ ಬಂದಿದ್ದ. ಎಳ್ಳುಬೆಲ್ಲ ಹಂಚಿ, ಸಿಹಿ ಪೊಂಗಲ್ ತಿಂದಾದ ಮೇಲೆ ಅನೂಪ್ ಲಿಂಕನ್ನು ಟೀವಿಗೆ ಹಾಕಿದ. ನಾರಾಯಣಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದ ನಡುವೆ ಕೂತರು.

ಮೊದಲು ಹೂವು, ದೀಪ, ಲಾವಣ್ಯಾಳ ಕಣ್ಣು. "ಕ್ಯಾ ಬಾತ್ ಹೈ," ಎಂದ ಶ್ರೀವತ್ಸ. ಆಮೇಲೆ ಧಾರೆ ಬಂತು.

ಪರದೆಯ ತುಂಬ ನಾರಾಯಣಸ್ವಾಮಿಯವರ ಬಲಗೆನ್ನೆ. ಜಾರಿದ ತುಟಿ, ತುಟಿಯಂಚಿನಲ್ಲಿ ಹೊಳೆಯುವ ಜೊಲ್ಲು, ಹಿಂದೆ ಮಸುಕಾಗಿ ಮಗಳು. ಅನೂಪ್ ಬೇಗ ಮುಂದಿನದಕ್ಕೆ ಹೋದ. ಅದೂ ಬಲಗಡೆಯಿಂದ. ಅದರ ಮುಂದಿನದೂ. ಊಟದ ಎಲೆಯ ಮುಂದೆ, ಗೆಳೆಯರ ನಡುವೆ, ಮಗಳನ್ನು ಕಳಿಸುವಾಗ, ಎಲ್ಲೆಲ್ಲೂ ಅದೇ ಕಡೆ. ಹುಡುಕಿದರೂ ಎಡಗಡೆಯದು ಒಂದಿರಲಿಲ್ಲ. ಕೊನೆಗೆ ಒಂದರಲ್ಲಿ ಅವರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು.

"ಇದನ್ನ ಗುಲಾಟಿ ತನ್ನ ಪೇಜಲ್ಲಿ ಹಾಕಿದಾನಂತೆ," ಎಂದಳು ಇಂದುಶೇಖರನ ಹೆಂಡತಿ, ಮೌನ ಮುರಿಯಲೆಂದು, ಪಾಪ. "ಅಪ್ಪನ ಕಣ್ಣೀರು ಅಂತ. ಸಾವಿರಾರು ಜನ ನೋಡಿದಾರಂತೆ. ನಮ್ಮ ಬಿಲ್ಡಿಂಗ್‌ನೋರೆಲ್ಲ ಕೇಳಿದ್ರು, ಎಷ್ಟು ಎಮೋಷನಲ್ ಅಂತ."

"ನಾನು ಅಳ್ತಿರಲಿಲ್ಲ," ಎಂದರು ನಾರಾಯಣಸ್ವಾಮಿ. ಮಾತು ಎಂದಿಗಿಂತ ಸ್ಪಷ್ಟವಾಗಿತ್ತು. "ಜೊಲ್ಲು ಒರೆಸ್ಕೋತಿದ್ದೆ."

ಲಾವಣ್ಯಾಳ ಮುಖ ಕೆಂಪೇರಿತು. ಅಲ್ಲೇ ಗುಲಾಟಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡಳು. ಅವನು ಕಕ್ಕಾಬಿಕ್ಕಿಯಾದ. ಆಂಟೀಜಿಯೇ ಹೇಳಿದ್ದರಲ್ಲ ಎಂದ. ಸಾಹೇಬರನ್ನು ಬಾಯೇ ಕಡೆಯಿಂದ ಒಂದೂ ತೆಗೆಯಬೇಡ ಎಂದಿದ್ದರು, ತಾನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡಿದ್ದನಂತೆ. "ಮುಝೇ ಭೀ ಅಜೀಬ್ ಲಗಾ, ಮ್ಯಾಮ್. ಸೋಚಾ ಆಪ್ ಲೋಗೋಂ ಮೇ ಕೋಯೀ ರಿವಾಜ್ ಹೋಗಾ. ಲೆಫ್ಟ್ ಶುಭ್ ನಹೀ ಮಾನತೇ ಹೋಂಗೇ." ಈ ಜನರಲ್ಲಿ ಎಡ ಅಶುಭವೆಂಬ ಪದ್ಧತಿಯೇನೋ ಇರಬೇಕು ಎಂದುಕೊಂಡಿದ್ದ.

ಯಾರೂ ಮನೋರಮಾಳ ಕಡೆ ನೋಡಲಿಲ್ಲ. ಎಷ್ಟೋ ವರ್ಷ ಆ ಮನೆಯನ್ನು ನಗಿಸಿದ ಮಾತು ಅದು, ಈಗ ಒಬ್ಬರ ತುಟಿಯೂ ಅಲುಗಲಿಲ್ಲ. ಅವಳ ಬಲಗೈ ತಾನಾಗಿ ಬಾಯಿಯ ತನಕ ಎದ್ದು ಅಲ್ಲೇ ನಿಂತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ನಾರಾಯಣಸ್ವಾಮಿ ಎದ್ದರು. ಅಳಿಯ ಕೈ ಹಿಡಿಯಲು ಬಂದರೆ ಬೇಡವೆಂದರು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು.

"ನಂಗೆ ಹೇಳಬಾರದಿತ್ತಾ ಅಮ್ಮಾ? ನಾನು ಹೇಳ್ತಿದ್ದೆ ಅವನಿಗೆ," ಎಂದಳು ಲಾವಣ್ಯಾ.

"ನೀನು ಕೇಳ್ತಿದ್ಯಾ? ಹಳೇ ಅಪ್ಪ ಬೇಕು ಅಂತ ಕುಣೀತಿದ್ದೆ. ಸರದಾರ್ಜಿ ಆಗಿದ್ರೆ ಕಣ್ಣೆದುರಿಗೆ ಕೂರಿಸಿ ತೆಗೀತಿದ್ರು. ಎಡ ಬಲ ಯಾರೂ ಹೇಳೋದೇ ಬೇಕಿರಲಿಲ್ಲ."

"ಸೋ ಇಟ್ಸ್ ಮೈ ಫಾಲ್ಟ್ ನೌ."

"ನಂದೇ ಬಿಡು. ಎಲ್ಲಾ ನಂದೇ."

ಶ್ರೀವತ್ಸ ಕಾರಿನ ಕೀಲಿ ಕೈಯಲ್ಲಿ ತಿರುಗಿಸುತ್ತ ಬಾಲ್ಕನಿಯಲ್ಲಿ ನಿಂತಿದ್ದ. ಕಟ್ಟಿಟ್ಟ ಎಳ್ಳುಬೆಲ್ಲದ ಪೊಟ್ಟಣ ಅವರು ಹೋದ ಮೇಲೆ ಮೇಜಿನ ಮೇಲೇ ಉಳಿದಿತ್ತು.

ಗುಲಾಟಿ ಕ್ಷಮೆ ಕೇಳಿದ, ಫೋಟೋ ಪೇಜಿನಿಂದ ತೆಗೆದ. ತೆಗೆಯುವ ಹೊತ್ತಿಗೆ ಅದು ಊರೆಲ್ಲ ಸುತ್ತಿಯಾಗಿತ್ತು. ಪಾರ್ಕಿನ ಗೆಳೆಯರೊಬ್ಬರು ಮನೆಗೇ ಬಂದು, "ಬೇಟಿ ಕಾ ಬಾಪ್ ಐಸಾ ಹೀ ಹೋತಾ ಹೈ," ಹೆಣ್ಣು ಹೆತ್ತ ಅಪ್ಪ ಹೀಗೇ, ಎಂದು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಅಂದಿನಿಂದ ನಾರಾಯಣಸ್ವಾಮಿ ಪಾರ್ಕಿಗೆ ಹೋಗಲಿಲ್ಲ. ಫಿಸಿಯೋಥೆರಪಿಯ ಹುಡುಗಿಗೆ ಬರಬೇಡವೆಂದರು. ಅನೂಪ್ ತನಗೆ ತೋಚಿದ್ದು ಮಾಡಿದ. ಯಾವುದೋ ಆ್ಯಪಿನಲ್ಲಿ ಅಪ್ಪನ ಬಾಯಿ ನೆಟ್ಟಗೆ ಮಾಡಿ, ಮುಗುಳ್ನಗು ಬರಿಸಿ, ಫೋನು ಅವರೆದುರು ಹಿಡಿದ.

ಅವರು ಕನ್ನಡಕ ಏರಿಸಿ ನೋಡಿದರು. "ಯಾರಿದು?"

"ನೀವೇ ಅಪ್ಪಾ."

"ಅಲ್ಲ," ಎಂದು ಫೋನನ್ನು ಮಗನ ಕಡೆ ತಳ್ಳಿದರು.

ಒಂದು ಸಂಜೆ ಲಾವಣ್ಯಾ ಫೋನಿನಲ್ಲಿ, "ಮತ್ತೆ ಡ್ರೆಸ್ ಮಾಡ್ಕೊಂಡು ಮನೇಲೇ ಒಂದು ತೆಗೆಸೋಣ್ವಾ? ನಿಮ್ಮ ಸರದಾರ್ಜೀನೇ ಕರೆಸಮ್ಮಾ," ಎಂದಳು. ಹಟ ಬಿಟ್ಟ ಮಗಳ ದನಿ ಕೇಳಿ ಮನೋರಮಾಳಿಗೆ ಆಸೆ ಚಿಗುರಿತು. ಗಂಡನ ಬಳಿ ಪ್ರಸ್ತಾಪಿಸಿದಳು.

"ಎಷ್ಟು ಸಲ ಧಾರೆ ಎರೀಲಿ?" ಎಂದರು ಅವರು.

ಆಲ್ಬಂ ಬಂದಾಗ ಧಾರೆಯ ಪುಟದಲ್ಲಿ ಕೈಗಳು ಮಾತ್ರ ಇದ್ದವು, ನೀರು, ಕಾಯಿ, ಬಳೆಗಳು. ಮುಖಗಳನ್ನು ಕತ್ತರಿಸಲು ಲಾವಣ್ಯಾಳೇ ಹೇಳಿದ್ದಳು. ಭಾನುವಾರಗಳಲ್ಲಿ ಬರುತ್ತಿದ್ದವಳು ಒಂದು ವಾರ ಕೆಲಸ, ಒಂದು ವಾರ ಟ್ರಾಫಿಕ್ ಎಂದು ತಪ್ಪಿಸತೊಡಗಿದಳು. ಬಂದರೂ ಅಪ್ಪ ಕೋಣೆಯಿಂದ ಹೊರಗೆ ಬರುವುದಿಲ್ಲ, ಅಳಿಯನ ಮುಂದಂತೂ ಇಲ್ಲವೇ ಇಲ್ಲ. ಹಾಲಿನ ಗೋಡೆಯಲ್ಲಿ ಮೊಳೆ ಹಾಗೇ ಇದೆ. ಮನೋರಮಾ ಈಗ ಆಟೋದಲ್ಲಿ ಮಾತಾಡುವುದಿಲ್ಲ, ಕೈ ಚಾಚಿ ತೋರಿಸುತ್ತಾಳೆ.

ಹೋಳಿಯ ಹಿಂದಿನ ದಿನ ಕೆಳಗೆ ಮಕ್ಕಳು ಬಣ್ಣದ ಗಲಾಟೆ ಮಾಡುತ್ತಿದ್ದರು. ಅವಳು ಮಧ್ಯಾಹ್ನದ ತಟ್ಟೆ ಹಿಡಿದು ಕೋಣೆಗೆ ಹೋದಳು, ಅನ್ನ, ಬೇಳೆಸಾರು, ಮೆತ್ತಗೆ ಬೇಯಿಸಿದ ಹುರುಳಿಕಾಯಿ ಪಲ್ಯ. ನಾರಾಯಣಸ್ವಾಮಿ ಕುರ್ಚಿಯನ್ನು ಎಳೆದು, ಬಲಮಗ್ಗುಲು ಗೋಡೆಗೆ ತಾಗುವಂತೆ ಕೂತಿದ್ದರು. ಅವಳು ಎಂದಿನಂತೆ ಟವೆಲ್ ಹೆಗಲಿಗೆ ಹಾಕಿಕೊಂಡು, ಕುರ್ಚಿ ಸರಿಸಿ ಬಲಗಡೆ ಹೋಗಲು ನೋಡಿದಳು.

"ಆ ಕಡೆ ಬೇಡ," ಎಂದರು.

"ಒರೆಸ್ಬೇಡವಾ?"

"ಬೇಡ. ಈ ಕಡೆ ಬಾ."

ಇಷ್ಟು ದಿನ ಲೋಕಕ್ಕೆಲ್ಲ ಮುಚ್ಚಿದ ಆ ಮಗ್ಗುಲು ಅವಳೊಬ್ಬಳಿಗೆ ತೆರೆದಿತ್ತು. "ರೀ, ಬೈದುಬಿಡಿ ಒಂದ್ಸಲ," ಎಂದಳು. "ಹೊಡೀರಿ ಬೇಕಾದ್ರೆ."

"ಬೈಯೋದೇನು." ಅವರು ಎಡಗೈಯಲ್ಲಿದ್ದ ಚಮಚ ಎತ್ತಿ ತೋರಿಸಿದರು. "ಬಾಯಿಗೆ ಇಡೋ ಕೈ ಅಂತಿದ್ದೆ ಅಲ್ವಾ. ಈಗ ನಂದು ಇದು. ನಿನ್ನ ಬಾಯೇ ಈಗ ಸರಿಯಾಗಿದೆ."

ತಮಾಷೆಯೋ ಏನೋ ಅವಳಿಗೆ ತಿಳಿಯಲಿಲ್ಲ. ನಕ್ಕರೋ ಎಂದು ನೋಡುವಷ್ಟರಲ್ಲಿ ಅವರು ತಟ್ಟೆಯ ಕಡೆ ಬಗ್ಗಿದ್ದರು. ಅವಳು ಸುತ್ತಿ ಬಂದು ಎಡಗಡೆ ಹಳೆಯ ಬೆತ್ತದ ಸ್ಟೂಲಿನ ಮೇಲೆ ಕೂತಳು. ಆ ಕಡೆಯಿಂದ ಅವರು ಏನೂ ಆಗದವರಂತೆ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಅವಳ ಹಿಂದಿ ತಿದ್ದುತ್ತಿದ್ದ ಕಾಲದವರಂತೆಯೇ ಕಾಣುತ್ತಿದ್ದರು. ಸರದಾರ್ಜಿ ತೆಗೆದಿದ್ದರೆ ಹೀಗೇ ಬರುತ್ತಿತ್ತು. ಉಂಡು ಮುಗಿಯುವ ತನಕ ಅವಳು ಆ ಮುಖವನ್ನೇ ನೋಡುತ್ತ ಕೂತಳು. ತಟ್ಟೆ ಎತ್ತಿಕೊಂಡು ಕುರ್ಚಿಯ ಮುಂದೆ ಹಾದು ಹೊರಡುವಾಗ, ಯಾರೂ ಒರೆಸದ ಆಚೆ ತುಟಿಯಂಚಿನಿಂದ ಬಿದ್ದಿದ್ದ ಅಗುಳು ಅವಳ ಅಂಗಾಲಿಗೆ ಹತ್ತಿತು.